ನೆಲವೂ ಡೊಂಕಿರುತ್ತದೆ

"ಮೊದಲನೇ ಕೋವಿ ತಾನೆ, ಅಗ್ಗದ್ದೇ ಸಾಕು. ಕೈ ಕೂತ ಮೇಲೆ ಒಳ್ಳೇದು ತಗೊಂಡರಾಯ್ತು."

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಚಕಮಕಿ ಕೋವಿ ಕೊಳ್ಳಲು ಹೊರಟವನ ಕಿವಿಗೆ ಮೊದಲು ಬೀಳುವ ಬುದ್ಧಿಮಾತು ಇದು. ಅಂಗಡಿಯವರು ಹೇಳುತ್ತಾರೆ, ಶೂಟಿಂಗ್ ರೇಂಜಿನಲ್ಲಿ ಪಕ್ಕದ ಬೆಂಚಿನವರು ಹೇಳುತ್ತಾರೆ, ವರ್ಷಾನುಗಟ್ಟಲೆ ಬೇಟೆಯಾಡಿದ ನೆರೆಮನೆಯವರೂ ಹೇಳುತ್ತಾರೆ. ಹೇಳುವವರಲ್ಲಿ ಕೆಟ್ಟ ಮನಸ್ಸಿನವರಿಲ್ಲ. ಹೊಸಬನ ದುಡ್ಡು ಉಳಿಯಲಿ ಎಂಬ ಕಾಳಜಿಯಿಂದಲೇ ಹೇಳುತ್ತಾರೆ. ಹದಿನಾಲ್ಕು ವರ್ಷದ ಹಿಂದೆ ನನಗೂ ಹೇಳಿದರು, ನಾನೂ ತಲೆಯಾಡಿಸಿದೆ. ಅಲ್ಲಿಂದೀಚೆಗೆ ಆ ಮಾತಿನಿಂದ ಕೆಟ್ಟ ಕೈಗಳನ್ನೂ ಮೂಲೆ ಸೇರಿದ ಕೋವಿಗಳನ್ನೂ ಎಷ್ಟು ನೋಡಿದ್ದೇನೆಂದರೆ, ಇನ್ನು ಸುಮ್ಮನಿರುವುದು ತಪ್ಪೆನಿಸಿದೆ. ಅಗ್ಗದ ಚಕಮಕಿ ಕೋವಿ ಇರಬೇಕಾದದ್ದು ಪಳಗಿದವನ ಕೈಯಲ್ಲಿ. ಹೊಸಬನಿಗೆ ಅದು ಸಲ್ಲದು. ಕಾಸು ಕಡಿಮೆ ಇರುವ ಹೊಸಬನಿಗಂತೂ ಸಲ್ಲವೇ ಸಲ್ಲದು.

ಮಲೆನಾಡಿನ, ಕೊಡಗಿನ ಓದುಗರಿಗೆ ಕೇಪಿನ ಕೋವಿ ಗೊತ್ತಿದೆ. ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡನ್ನೋ ಚರೆಯನ್ನೋ ಹಾಕಿ ಗಜದಿಂದ ಜಡಿದು, ಹಿಂದುಗಡೆ ತಾಮ್ರದ ಕೇಪು ಸಿಕ್ಕಿಸಿ ಹೊಡೆಯುವ ಕೋವಿ. ಚಕಮಕಿ ಕೋವಿ, ಅಂದರೆ ಫ್ಲಿಂಟ್‌ಲಾಕ್, ಅದರ ಹಿಂದಿನ ತಲೆಮಾರಿನದು. ಕೇಪಿನ ಜಾಗದಲ್ಲಿ ಕಲ್ಲು ಮತ್ತು ಉಕ್ಕು. ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ಟಿಪ್ಪು ಮಾಡಿಸಿದ, ಮೈತುಂಬ ಹುಲಿಪಟ್ಟೆಯ ಅಲಂಕಾರವಿದ್ದ, 1799ರ ನಂತರ ಬ್ರಿಟನ್ನಿನ ಸಂಗ್ರಹಾಲಯಗಳಿಗೆ ಹೋದ ಕೋವಿಗಳು ಇದೇ ಜಾತಿಯವು. ಹದಿನೇಳನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡ ಈ ಯಂತ್ರ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಜಗತ್ತಿನ ಸೇನೆಗಳನ್ನು ಸಾಕಿತು. ಬ್ರೌನ್ ಬೆಸ್ ಎಂದು ಹೆಸರಾದ ಬ್ರಿಟಿಷ್ ಮಸ್ಕೆಟ್ಟು 1720ರ ದಶಕದಿಂದ ಶುರುವಾಗಿ ನೂರು ವರ್ಷ ದಾಟಿ ಬಾಳಿತು.

ಪೆನ್ಸಿಲ್ವೇನಿಯಾದಲ್ಲಿ ಇದು ಇವತ್ತಿಗೂ ಜೀವಂತವಾಗಿದೆ. ಲ್ಯಾಂಕಸ್ಟರ್ ಸುತ್ತಮುತ್ತ ನೆಲೆಸಿದ ಜರ್ಮನ್ ಮತ್ತು ಸ್ವಿಸ್ ಕಮ್ಮಾರರು ತಮ್ಮ ಊರಿನ ಮೋಟು ನಳಿಗೆಯ, ದಪ್ಪ ಗುಂಡಿನ ಯೇಗರ್ ಕೋವಿಯನ್ನು ಇಲ್ಲಿನ ಕಾಡಿಗೆ ಹೊಂದುವಂತೆ ಮಾರ್ಪಡಿಸಿದರು. ನಳಿಗೆ ಮೂರೂವರೆ ಅಡಿ ದಾಟಿತು. ಮದ್ದೂ ಸೀಸವೂ ಉಳಿಯಲಿ ಎಂದು ಗುಂಡು ಸಣ್ಣದಾಯಿತು. ಹಿಡಿಕಟ್ಟಿಗೆ ಮೇಪಲ್ ಮರ ಬಂತು. ನ್ಯಾಜರೆತ್ ಬಳಿಯ ಜೇಕಬ್ಸ್‌ಬರ್ಗ್‌ನಲ್ಲಿ ಹೆನ್ರಿ ಮನೆತನದವರು ಕೋವಿ ಮಾಡುತ್ತಿದ್ದ ಜಾಗದಲ್ಲಿ ಈಗ ಇಂಥ ಕೋವಿಗಳ ಸಂಗ್ರಹಾಲಯವಿದೆ. ಆದರೆ ಇಲ್ಲಿನ ಸಾಮಾನ್ಯ ಜನ ಚಕಮಕಿ ಕೋವಿ ಕೊಳ್ಳುವುದು ಇತಿಹಾಸದ ಮೇಲಿನ ಪ್ರೀತಿಯಿಂದಲ್ಲ. 1974ರಿಂದ ಈ ರಾಜ್ಯದಲ್ಲಿ ಕ್ರಿಸ್‌ಮಸ್ ಕಳೆದ ಮೇಲೆ ಜಿಂಕೆ ಬೇಟೆಗೆ ಇನ್ನೊಂದು ಅವಧಿ ಇದೆ. ಆ ಅವಧಿಯಲ್ಲಿ ಕೋವಿ ಹಿಡಿದು ಹೋಗುವವನ ಕೈಯಲ್ಲಿ ಚಕಮಕಿಯೇ ಇರಬೇಕು, ಕೇಪಿನದಕ್ಕೂ ಅವಕಾಶವಿಲ್ಲ. ನಾನು ಖಂಡಿಸುತ್ತಿರುವ ಅಭಿಪ್ರಾಯ ಹುಟ್ಟಿದ್ದು ಈ ಅವಧಿಯಿಂದಲೇ ಎಂಬುದು ನನ್ನ ನಂಬಿಕೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಯಂತ್ರದ ಒಳಗು ನೋಡೋಣ. ಕೋವಿಯ ಬಲಮಗ್ಗುಲಲ್ಲಿ ಅಂಗೈ ಅಗಲದ ಒಂದು ಉಕ್ಕಿನ ತಗಡು, ಅದರ ಹಿಂದೆ ಸ್ಪ್ರಿಂಗು, ಹಲ್ಲು, ಕೊಕ್ಕೆ. ಇದಿಷ್ಟಕ್ಕೂ ಸೇರಿ ಲಾಕು ಎನ್ನುತ್ತಾರೆ. ಹೊರಮೈಯಲ್ಲಿ ಕುದುರೆ, ಅಂದರೆ ಬಡಿಯುವ ಸುತ್ತಿಗೆ. ಅದರ ದವಡೆಯಲ್ಲಿ ಚರ್ಮದ ತುಂಡು ಸುತ್ತಿ ಬಿಗಿದ ಚಕಮಕಿ ಕಲ್ಲು. ಎದುರಿಗೆ ಬಾಗಿಲ ಕದದಂತೆ ನಿಂತ ಉಕ್ಕಿನ ಫಲಕ, ಅದರ ಹೆಸರು ಫ್ರಿಜನ್. ಫ್ರಿಜನ್ನಿನ ಬುಡವೇ ಕೆಳಗಿನ ಪುಟ್ಟ ಬಟ್ಟಲಿಗೆ ಮುಚ್ಚಳ. ಬಟ್ಟಲಿನಲ್ಲಿ ಚಿಟಿಕೆ ನುಣುಪು ಮದ್ದು. ಬಟ್ಟಲಿನ ಮಗ್ಗುಲಲ್ಲಿ, ನಳಿಗೆಯ ಗೋಡೆಯಲ್ಲಿ, ಒಂದೂವರೆ ಎರಡು ಮಿಲಿಮೀಟರಿನ ಒಂದು ತೂತು. ಬಿಲ್ಲು, ಅಂದರೆ ಟ್ರಿಗರ್, ಎಳೆದಾಗ ಕುದುರೆ ಮುಂದಕ್ಕೆ ಬೀಳುತ್ತದೆ, ಕಲ್ಲು ಫ್ರಿಜನ್ನನ್ನು ಮೇಲಿಂದ ಕೆಳಕ್ಕೆ ಹೆರೆಯುತ್ತದೆ, ಆ ಹೊಡೆತಕ್ಕೆ ಫ್ರಿಜನ್ ಮುಂದಕ್ಕೆ ಮಗುಚಿ ಬಟ್ಟಲು ತೆರೆಯುತ್ತದೆ, ಕಿಡಿ ಬಟ್ಟಲಿಗೆ ಬೀಳುತ್ತದೆ, ಬಟ್ಟಲಿನ ಉರಿ ತೂತಿನ ಮೂಲಕ ಒಳಗಿನ ಮದ್ದಿಗೆ ತಾಗುತ್ತದೆ.

ಬಹಳ ಜನ ಆ ಕಿಡಿ ಕಲ್ಲಿನದು ಅಂದುಕೊಂಡಿದ್ದಾರೆ. ಅದು ಉಕ್ಕಿನದು. ಕಲ್ಲಿನ ಅಂಚು ಫ್ರಿಜನ್ನಿನಿಂದ ಕೂದಲೆಳೆಯಷ್ಟು ಸಣ್ಣ ಚೂರುಗಳನ್ನು ಕೆರೆದು ತೆಗೆಯುತ್ತದೆ. ಆ ಕೆರೆತದ ಕಾವಿಗೇ ಚೂರುಗಳು ಗಾಳಿಯಲ್ಲಿ ಹೊತ್ತಿ ಉರಿಯುತ್ತವೆ. ಹಾಗಾಗಿ ಉಕ್ಕು ಒಳ್ಳೆಯ ಇಂಗಾಲದ ಉಕ್ಕಾಗಿರಬೇಕು, ಹದ ಕೊಟ್ಟು ಗಡುಸು ಮಾಡಿರಬೇಕು. ಮೆದುವಾದರೆ ಕಲ್ಲು ಅದನ್ನು ಉಳುತ್ತದೆ, ಕಿಡಿ ಹುಟ್ಟುವುದಿಲ್ಲ. ಗಡುಸು ಅತಿಯಾದರೆ ಕಲ್ಲು ಜಾರುತ್ತದೆ. ಮುಖ್ಯವಾದ ಸ್ಪ್ರಿಂಗು ಎರಡಿವೆ, ಕುದುರೆಗೊಂದು, ಫ್ರಿಜನ್ನಿಗೊಂದು. ಇವೆರಡರ ಬಲ ಒಂದಕ್ಕೊಂದು ಹೊಂದಿರಬೇಕು. ಫ್ರಿಜನ್ನಿನದು ಬಿಗಿಯಾದರೆ ಕಲ್ಲಿನ ಅಂಚು ಪುಡಿಯಾಗುತ್ತದೆ, ಸಡಿಲವಾದರೆ ಸರಿಯಾಗಿ ಹೆರೆಯುವ ಮೊದಲೇ ಫಲಕ ಮಗುಚಿಕೊಳ್ಳುತ್ತದೆ. ಕುದುರೆಯ ಬಾಗು, ಫಲಕದ ಓರೆ, ಕಲ್ಲು ತಾಗುವ ಕೋನ, ಕಿಡಿ ಬೀಳುವ ಜಾಗ ಇವೆಲ್ಲ ಒಂದೇ ಲೆಕ್ಕದಲ್ಲಿ ಕೂಡಿಬರಬೇಕು. ಎಲ್ಲ ಕೂಡಿಬಂದ ಲಾಕಿನಲ್ಲಿ ಬಿಲ್ಲು ಎಳೆದದ್ದಕ್ಕೂ ಈಡಿಗೂ ನಡುವೆ ಅಂತರವೇ ಕೇಳಿಸುವುದಿಲ್ಲ. ಪಕ್ಕದಲ್ಲಿ ನಿಂತವನಿಗೆ ಒಂದೇ ಸದ್ದು.

ಇದನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣವಿದೆ. ಕೇಪಿನ ಕೋವಿಯಲ್ಲಿ ಬೆಂಕಿ ಕಾರ್ಖಾನೆಯಿಂದ ಡಬ್ಬಿಯಲ್ಲಿ ಬರುತ್ತದೆ. ಕುದುರೆ ಸುಮಾರಾಗಿದ್ದರೂ ಕೇಪು ಸಿಡಿಯುತ್ತದೆ, ಅಂದರೆ ಅಗ್ಗದ ಕೇಪಿನ ಕೋವಿ ನಡೆಯುತ್ತದೆ. ಚಕಮಕಿಯಲ್ಲಿ ಬೆಂಕಿಯನ್ನು ಪ್ರತಿ ಈಡಿಗೂ ಲಾಕೇ ಹುಟ್ಟಿಸಬೇಕು. ದರ ಇಳಿಸಲು ಹೊರಟ ತಯಾರಕ ಕೈ ಹಾಕುವುದು ಈ ಲಾಕಿಗೇ. ಮೆದು ಉಕ್ಕಿನ ಫಲಕಕ್ಕೆ ಮೇಲ್ಪದರ ಮಾತ್ರ ಗಡುಸು ಮಾಡಿದರೆ ಹೊಸದರಲ್ಲಿ ಕಿಡಿ ಚೆನ್ನಾಗಿಯೇ ಬರುತ್ತದೆ. ಪದರ ಸವೆದ ಮೇಲೆ ಕಿಡಿಯೂ ಸತ್ತಿತು. ನಳಿಗೆಯ ಹಿಂಬದಿಯಲ್ಲೂ ಇದೇ ಕಥೆ. ಅಗ್ಗದ ಹಲವು ಕೋವಿಗಳಲ್ಲಿ ತೂತಿನಿಂದ ಮದ್ದಿನವರೆಗೆ ಇಕ್ಕಟ್ಟಾದ ಒಂದು ಓಣಿ ಇರುತ್ತದೆ. ನಾಲ್ಕು ಈಡು ಹೊಡೆಯುವಷ್ಟರಲ್ಲಿ ಮಸಿ ಕಟ್ಟಿ ಆ ಓಣಿ ಮುಚ್ಚಿಕೊಳ್ಳುತ್ತದೆ. ಒಳ್ಳೆಯ ಕೋವಿಯಲ್ಲಿ ತೂತಿನ ಒಳಮೈಯನ್ನು ಆಲಿಕೆಯಂತೆ ಅಗಲ ಮಾಡಿರುತ್ತಾರೆ, ಮದ್ದು ಬಟ್ಟಲಿನ ಉರಿಗೆ ಮುಖ ಕೊಟ್ಟು ಕೂತಿರುತ್ತದೆ.

ನನ್ನ ಮೊದಲ ಕೋವಿ ಅಂಥ ಅಗ್ಗದ್ದು. ಮೊದಲ ಮೂವತ್ತು ನಲವತ್ತು ಈಡು ಪರವಾಗಿಲ್ಲ ಎನ್ನಿಸಿತು. ಆಮೇಲೆ ಐದರಲ್ಲಿ ಎರಡು ಹುಸಿ. ಕೆಲವೊಮ್ಮೆ ಬಟ್ಟಲು ಮಾತ್ರ ಭುಸ್ ಎಂದು ಉರಿದು ಒಳಗಿನ ಮದ್ದು ತಣ್ಣಗೆ ಕೂತಿರುತ್ತಿತ್ತು. ಕೆಲವೊಮ್ಮೆ ಭುಸ್ ಅಂದು, ಒಂದು ಕ್ಷಣ ಬಿಟ್ಟು, ನಾನು ಕೋವಿ ಇಳಿಸಬೇಕು ಅನ್ನುವಷ್ಟರಲ್ಲಿ ಢಂ. ರೇಂಜಿನ ಹಿರಿಯರನ್ನು ಕೇಳಿದೆ. ಒಬ್ಬರು ಕಲ್ಲು ತಿರುಗಿಸು ಅಂದರು, ಒಬ್ಬರು ಮದ್ದು ಕಡಿಮೆ ಹಾಕು ಅಂದರು, ಇನ್ನೊಬ್ಬರು ಹೆಚ್ಚು ಹಾಕು ಅಂದರು. ಕಲ್ಲು ಬದಲಿಸಿದೆ, ಚರ್ಮ ಬದಲಿಸಿದೆ, ತೂತಿಗೆ ತಂತಿ ಹಾಕಿ ತಿಕ್ಕಿದೆ. ಒಂದು ಭಾನುವಾರ ಸರಿಹೋದದ್ದು ಮುಂದಿನ ಭಾನುವಾರ ಕೈಕೊಡುತ್ತಿತ್ತು. ಕಡೆಗೆ ಎಲ್ಲರೂ ಒಂದೇ ಮಾತಿಗೆ ಬಂದರು: ಕೋವಿಯಲ್ಲಿ ಏನೂ ಇಲ್ಲ, ನಿನಗಿನ್ನೂ ಅಭ್ಯಾಸ ಸಾಲದು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಚಿಕ್ಕಂದಿನಿಂದ ಕೇಳಿದ ಗಾದೆ, ಹಾಗಾಗಿ ನೆಲದ ಮೇಲೆ ತಪ್ಪು ಹೊರಿಸಲು ನಾಚಿಕೆಯಾಗಿ ಎರಡು ವರ್ಷ ಸುಮ್ಮನಿದ್ದೆ. ಆ ಎರಡು ವರ್ಷದಲ್ಲಿ ನನ್ನ ಕೈ ಕಲಿತದ್ದು ಒಂದೇ, ಬೆಚ್ಚುವುದು. ಈಡು ಯಾವಾಗ ಆಗುತ್ತದೋ ತಿಳಿಯದವನ ಮೈ ಬಿಲ್ಲು ಎಳೆಯುವ ಮುಂಚೆಯೇ ಬಿಗಿಯುತ್ತದೆ, ಕಣ್ಣು ತಾನಾಗಿ ಮುಚ್ಚುತ್ತದೆ, ಭುಜ ಹಿಂದಕ್ಕೆ ಸರಿಯುತ್ತದೆ. ಚಕಮಕಿ ಕೋವಿ ಹಿಡಿದವನು ಕಲಿಯಬೇಕಾದ ಮೊದಲ ಪಾಠ ಇದಕ್ಕೆ ನೇರ ವಿರುದ್ಧವಾದದ್ದು. ಬಟ್ಟಲು ಕಣ್ಣೆದುರೇ ಉರಿದರೂ ಗುಂಡು ನಳಿಗೆ ದಾಟುವ ತನಕ ಅಲುಗದೆ ನಿಲ್ಲಬೇಕು. ಆ ಪಾಠವನ್ನು ನನ್ನ ಕೋವಿ ದಿನದಿನವೂ ಅಳಿಸುತ್ತಿತ್ತು. ಆಮೇಲೆ ಒಬ್ಬ ಪರಿಚಿತರ ಕೋವಿಯಿಂದ ಹತ್ತು ಈಡು ಹೊಡೆದೆ. ಹತ್ತೂ ಹತ್ತಿಕೊಂಡವು. ಅದೇ ಮದ್ದು, ಅದೇ ಕೈ. ನೆಲ ನಿಜಕ್ಕೂ ಡೊಂಕಿತ್ತು.

ಆ ಪರಿಚಿತರು ನನ್ನ ಹಳೆಯ ಕೋವಿಯನ್ನೂ ಕೈಗೆ ತಗೊಂಡರು. ಕಲ್ಲಿನ ಅಂಚನ್ನು ನಾಲ್ಕು ಸಲ ಕುಟ್ಟಿ ಚೂಪು ಮಾಡಿದರು, ದವಡೆಯಲ್ಲಿ ಕೊಂಚ ಓರೆಯಾಗಿ ಕೂರಿಸಿದರು, ಬಟ್ಟಲಿಗೆ ಮದ್ದು ಹಾಕಿ ತೂತಿನ ಕಡೆಗೆ ತಟ್ಟಿಕೊಂಡರು. ಐದರಲ್ಲಿ ನಾಲ್ಕು ಈಡಾಯಿತು. ಸುತ್ತಲಿದ್ದವರು "ನೋಡಿದೆಯಾ, ಕೋವಿ ಸರಿಯಾಗೇ ಇದೆ" ಅಂದರು. ನನಗೆ ಅವತ್ತು ತಿಳಿದದ್ದು ಬೇರೆ. ಕೆಟ್ಟ ಲಾಕಿನ ಕೊರತೆಯನ್ನು ತುಂಬುವುದಕ್ಕೆ ಮೂವತ್ತು ವರ್ಷದ ಅನುಭವ ಬೇಕಾಯಿತು. ಶ್ರುತಿ ನಿಲ್ಲದ ತಂಬೂರಿ ಪಕ್ಕದಲ್ಲಿದ್ದರೂ ವಿದ್ವಾಂಸರು ಹಾಡಿಬಿಡುತ್ತಾರೆ, ಏಕೆಂದರೆ ಷಡ್ಜ ಅವರೊಳಗಿದೆ. ಸರಳೆ ವರಸೆ ಕಲಿಯುತ್ತಿರುವ ಮಗುವಿನ ಮುಂದೆ ಆ ತಂಬೂರಿ ಇಟ್ಟರೆ ಮಗುವಿನ ಕಿವಿಯೇ ಹಾಳಾಗುತ್ತದೆ, ಹಾಳಾದದ್ದು ಅದಕ್ಕೆ ತಿಳಿಯುವುದೂ ಇಲ್ಲ. ಯಾವ ಮೇಷ್ಟರೂ 'ಮಗು ತಾನೆ, ಅಪಶ್ರುತಿ ನಡೆಯುತ್ತದೆ' ಅನ್ನುವುದಿಲ್ಲ. ಕೋವಿಯ ವಿಷಯದಲ್ಲಿ ಮಾತ್ರ ಅನುಭವಸ್ಥರೆಲ್ಲ ಹಾಗೆನ್ನುತ್ತಾರೆ. ತಪ್ಪು ತನ್ನದೋ ಕೋವಿಯದೋ ಎಂದು ಗುರುತಿಸಬಲ್ಲವನು ಡೊಂಕು ಕೋವಿ ಇಟ್ಟುಕೊಳ್ಳಲಿ. ಗುರುತಿಸಲಾರದವನಿಗೆ ಅನುಮಾನಕ್ಕೆ ಎಡೆಯಿಲ್ಲದ ಕೋವಿ ಬೇಕು, ಆಗಷ್ಟೇ ತಪ್ಪಿದಾಗ ತಪ್ಪು ತನ್ನದೆಂದು ತಿಳಿದು ತಿದ್ದಿಕೊಳ್ಳುತ್ತಾನೆ.

ಇದಕ್ಕೆ ಎದುರುವಾದ ಇದೆ. 'ಚಕಮಕಿ ಅಂದರೇ ಹುಸಿ ಹೋಗುವ ಯಂತ್ರ. ಸಾವಿರ ಸುರಿದರೂ ಅದರ ಜಾಯಮಾನ ಬದಲಾಗದು. ಹಾಗಿದ್ದ ಮೇಲೆ ಹೆಚ್ಚು ದುಡ್ಡು ಏಕೆ?' ಹೀಗನ್ನುವವರ ಕೈಯಲ್ಲಿ ಗಟ್ಟಿ ಸಾಕ್ಷ್ಯವೂ ಇದೆ. 1834ರಲ್ಲಿ ಬ್ರಿಟಿಷ್ ಸೇನೆ ವುಲಿಚ್‌ನಲ್ಲಿ ಚಕಮಕಿ ಮಸ್ಕೆಟ್ಟನ್ನೂ ಕೇಪಿನ ಮಸ್ಕೆಟ್ಟನ್ನೂ ಎದುರುಬದುರು ಇಟ್ಟು ಪರೀಕ್ಷಿಸಿತು. ಎರಡೂ ಬಗೆಯಿಂದ ತಲಾ 6,000 ಈಡು, ಎಲ್ಲ ಬಗೆಯ ಹವೆಯಲ್ಲೂ. ಚಕಮಕಿ ಸುಮಾರು ಆರೂವರೆ ಈಡಿಗೊಂದು ಹುಸಿ ಹೋಯಿತು, ಕೇಪಿನದು 166ಕ್ಕೊಂದು. ಈ ಲೆಕ್ಕವನ್ನು ನಾನು ಅಲ್ಲಗಳೆಯುವುದಿಲ್ಲ. ಮಳೆಯಲ್ಲಿ ಕೇಪಿನ ಕೋವಿಗೆ ಚಕಮಕಿ ಸಮನಲ್ಲ ಎಂಬುದನ್ನೂ ಒಪ್ಪುತ್ತೇನೆ.

ಆದರೆ ಅಲ್ಲಿ ಪರೀಕ್ಷೆಗೆ ಇಟ್ಟದ್ದು ಯಾವ ಕೋವಿ? ಸಾವಿರಗಟ್ಟಲೆ ಒಂದೇ ಅಚ್ಚಿನಲ್ಲಿ ಮಾಡಿಸಿದ ಸೈನಿಕರ ಮಸ್ಕೆಟ್ಟು. ಸೇನೆಯ ಲೆಕ್ಕಕ್ಕೆ ಅಷ್ಟು ಸಾಕಿತ್ತು. ನೂರು ಜನ ಒಟ್ಟಿಗೆ ಹೊಡೆಯುವಾಗ ಹದಿನೈದು ಹುಸಿ ಹೋದರೂ ಎಂಬತ್ತೈದು ಗುಂಡು ಹಾರುತ್ತವೆ. ಅದಕ್ಕೂ ಮೊದಲೇ ಲಂಡನ್ನಿನಲ್ಲಿ ಜೋಸೆಫ್ ಮ್ಯಾಂಟನ್‌ನಂಥ ಕೋವಿಕಾರರು ಮಳೆನೀರು ಇಳಿಯದ ಬಟ್ಟಲು, ಉರಿಗೆ ಸವೆಯದ ಪ್ಲಾಟಿನಮ್ ತೂತು, ಫ್ರಿಜನ್ ಸಲೀಸಾಗಿ ಮಗುಚಲು ಸಣ್ಣ ಉರುಳೆ ಇಟ್ಟು ಲಾಕುಗಳನ್ನು ಮಾಡಿದ್ದರು. ಹಾರುವ ಹಕ್ಕಿಯನ್ನು ಹೊಡೆಯುವವರು ಅವನ್ನು ಹಿಡಿದಿದ್ದರು. ಕೇಪು ಬಂದ ಮೇಲೂ ಕರ್ನಲ್ ಪೀಟರ್ ಹಾಕರ್‌ನಂಥ ನುರಿತ ಬೇಟೆಗಾರ ಒಳ್ಳೆಯ ಚಕಮಕಿಯ ಹೊಡೆತವೇ ಬಲವಾದದ್ದೆಂದು ವಾದಿಸುತ್ತಿದ್ದ. ಜಾಯಮಾನ ಬದಲಾಗದು ಎನ್ನುವವರು ಈ ಲಾಕುಗಳನ್ನು ಲೆಕ್ಕಕ್ಕೇ ಹಿಡಿದಿಲ್ಲ. ವುಲಿಚ್ ಪರೀಕ್ಷೆಯಿಂದ ನನಗೆ ಕಾಣುವುದು ಇಷ್ಟೇ: ಒರಟು ಲಾಕು ಆರೂವರೆಗೊಂದು ಹುಸಿ ಹೋಗುತ್ತದೆ. ಅಂಥದ್ದನ್ನು ಹೊಸಬನ ಕೈಗೆ ಕೊಡಬೇಡಿ ಎಂಬ ನನ್ನ ಮಾತಿಗೆ ಇದಕ್ಕಿಂತ ಬೇರೆ ಆಧಾರ ಬೇಕಿಲ್ಲ.

ಈಗ ಆ ಬೇಟೆ ಅವಧಿಯ ಮಾತು. ಪೆನ್ಸಿಲ್ವೇನಿಯಾದ ಎಷ್ಟೋ ಜನರಿಗೆ ಚಕಮಕಿ ಕೋವಿ ಅಂದರೆ ವರ್ಷಕ್ಕೆ ಎರಡು ಮೂರು ವಾರದ ಪರವಾನಗಿ. ಡಿಸೆಂಬರಿನಲ್ಲಿ ಅಂಗಡಿಗೆ ಹೋಗಿ ಇದ್ದುದರಲ್ಲಿ ಅಗ್ಗದ್ದನ್ನು ತರುತ್ತಾರೆ. ನಾಲ್ಕು ಈಡು ಹೊಡೆದು ನೋಡುತ್ತಾರೆ. ಹಿಮದಲ್ಲಿ ಕಾಡಿಗೆ ಹೋಗುತ್ತಾರೆ. ಜಿಂಕೆ ಎದುರಾದಾಗ ಬಟ್ಟಲು ಭುಸ್ ಎನ್ನುತ್ತದೆ, ಜಿಂಕೆ ಓಡುತ್ತದೆ. ಮನೆಗೆ ಬಂದು ಕೋವಿಯನ್ನು ಮೂಲೆಗಿಟ್ಟು, ಚಕಮಕಿ ಅಂದರೆ ಇಷ್ಟೇ, ಇದಕ್ಕೆ ಹೆಚ್ಚು ದುಡ್ಡು ಹಾಕುವುದು ದಂಡ ಅನ್ನುತ್ತಾರೆ. ಮುಂದಿನ ವರ್ಷ ಹೊಸಬನೊಬ್ಬ ಕೇಳಲು ಬಂದಾಗ ಅದೇ ಮಾತು ಬುದ್ಧಿವಾದವಾಗಿ ಹೊರಡುತ್ತದೆ. ಅಗ್ಗದ ಕೋವಿಯಿಂದ ಹುಟ್ಟಿದ ತಾತ್ಸಾರವೇ ಅಗ್ಗದ ಕೋವಿಗೆ ಸಮರ್ಥನೆಯಾಗಿ ಐವತ್ತು ವರ್ಷದಿಂದ ಸುತ್ತುತ್ತಿದೆ.

ಹುಸಿ ಹೋದರೆ ಜಿಂಕೆ ಬದುಕುತ್ತದೆ, ಅದರಿಂದ ಕೆಡುಕಿಲ್ಲ. ಕೆಡುಕಿರುವುದು ತಡವಾಗಿ ಆಗುವ ಈಡಿನಲ್ಲಿ. ನನ್ನ ಎರಡನೇ ಜನವರಿಯಲ್ಲಿ ಅರವತ್ತು ಗಜ ದೂರದ ಹೆಣ್ಣು ಜಿಂಕೆಯ ಮೇಲೆ ಬಿಲ್ಲು ಎಳೆದೆ. ಭುಸ್ ಅಂದಿತು. ನಾನು ಬೆಚ್ಚಿದೆ, ನಳಿಗೆ ಅಲುಗಿತು, ಆಮೇಲೆ ಈಡಾಯಿತು. ಎದೆಗೆ ಇಟ್ಟ ಗುರಿ ಹೊಟ್ಟೆಗೆ ಹೋಯಿತು. ಕತ್ತಲಾಗುವ ತನಕ ಹಿಮದ ಮೇಲಿನ ರಕ್ತದ ಜಾಡು ಹಿಡಿದು ನಡೆದೆ. ತೊರೆಯೊಂದನ್ನು ದಾಟಿದ ಮೇಲೆ ಜಾಡು ಸಿಗಲಿಲ್ಲ. ಮಾರನೆಯ ದಿನವೂ ಹುಡುಕಿದೆ. ಆ ಪ್ರಾಣಿ ಎಲ್ಲಿ, ಎಷ್ಟು ಹೊತ್ತು ನರಳಿ ಸತ್ತಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಬೆಚ್ಚಿದ್ದು ನಾನು, ಹೊಣೆ ನನ್ನದೇ. ಆದರೆ ಬೆಚ್ಚುವುದನ್ನು ನನಗೆ ಕಲಿಸಿದ್ದು ಆ ಕೋವಿ, ಆ ಕೋವಿಯನ್ನು ನನಗೆ ಹಿಡಿಸಿದ್ದು ಆ ಬುದ್ಧಿಮಾತು. 'ಮೊದಲನೆಯದು ತಾನೆ' ಅನ್ನುವವರು ಒಂದು ವಿಷಯ ಮರೆಯುತ್ತಾರೆ. ಕೋವಿ ಮೊದಲನೆಯದಿರಬಹುದು, ಗುಂಡು ತಿನ್ನುವ ಪ್ರಾಣಿಗೆ ಅದು ಕೊನೆಯದು.

'ಹಾಗಾದರೆ ಮೊದಲು ಕೇಪಿನದರಲ್ಲಿ ಕಲಿ, ಆಮೇಲೆ ಚಕಮಕಿಗೆ ಬಾ' ಎನ್ನುವ ಇನ್ನೊಂದು ಪಂಗಡವಿದೆ. ಇವರ ಮಾತು ಸಮಾಧಾನದ್ದಾಗಿ ಕಾಣುತ್ತದೆ, ಅದೂ ಸರಿಯಲ್ಲ. ಕೇಪಿನ ಕೋವಿ ಈಡಾದ ಮೇಲೆ ತಟಕ್ಕನೆ ತಲೆಯೆತ್ತಿ ನೋಡುವ ಅಭ್ಯಾಸವನ್ನು ಕ್ಷಮಿಸುತ್ತದೆ, ಚಕಮಕಿ ಕ್ಷಮಿಸುವುದಿಲ್ಲ. ಕೇಪಿನವರು ಪೈರೋಡೆಕ್ಸ್‌ನಂಥ ಬದಲಿ ಮದ್ದಿಗೆ ಒಗ್ಗಿಕೊಂಡಿರುತ್ತಾರೆ. ಅದು ಹೊತ್ತಿಕೊಳ್ಳಲು ಹೆಚ್ಚು ಕಾವು ಬೇಕು, ಬಟ್ಟಲಿನ ಉರಿ ಅದಕ್ಕೆ ಸಾಲದು. ಚಕಮಕಿಗೆ ಪೆಟ್ಲುಪ್ಪು, ಇದ್ದಿಲು, ಗಂಧಕದ ನಿಜವಾದ ಕರಿಮದ್ದೇ ಆಗಬೇಕು. 2020ರ ನಂತರ ಅಮೆರಿಕದಲ್ಲಿ ಕೇಪುಗಳಿಗೆ ಬರ ಬಂದು ಕೇಪಿನ ಕೋವಿಯವರು ಅಂಗಡಿಯಿಂದಂಗಡಿಗೆ ಅಲೆದದ್ದನ್ನೂ ನೋಡಿದ್ದೇನೆ. ಎಲ್ಲಕ್ಕಿಂತ ಮುಖ್ಯವಾಗಿ, ಕೈಯಲ್ಲಿ ಕಾಸು ಕಡಿಮೆ ಇರುವವನು ಎರಡು ಕೋವಿ ಏಕೆ ಕೊಳ್ಳಬೇಕು? ಚಕಮಕಿ ಬೇಕೆಂದು ಮನಸ್ಸು ಮಾಡಿದವನು ಚಕಮಕಿಯಿಂದಲೇ ಶುರು ಮಾಡಲಿ.

ಭಾರತದಲ್ಲಿ ತಯಾರಾಗಿ ಇಲ್ಲಿಗೆ ಬರುವ ಮಸ್ಕೆಟ್ ಪ್ರತಿಕೃತಿಗಳ ಬಗ್ಗೆಯೂ ನಮ್ಮವರು ಕೇಳುತ್ತಾರೆ. ದರ ಕಡಿಮೆ, ನೋಡಲು ಭರ್ಜರಿ, ನಮ್ಮ ದೇಶದ್ದೆಂಬ ಅಭಿಮಾನ ಬೇರೆ. ಅವು ಒಳಗೆ ಸುರುಳಿ ಗೀರಿಲ್ಲದ ನುಣುಪು ನಳಿಗೆಯವು, ರೈಫಲ್‌ಗಳಲ್ಲ. ಎಷ್ಟೋ ಸಲ ತೂತು ಕೊರೆಯದೆ, ಪ್ರದರ್ಶನದ ವಸ್ತುವೆಂದೇ ಮಾರುತ್ತಾರೆ. ತೂತು ಕೊರೆಸಿ, ನಳಿಗೆಯ ಬಲ ಪರೀಕ್ಷಿಸಿ ಬಳಕೆಗೆ ತರುವ ಹೊಣೆ ಕೊಂಡವನ ಮೇಲೆ ಬೀಳುತ್ತದೆ. ಹೊಸಬ ಅದರ ತಂಟೆಗೆ ಹೋಗಬಾರದು.

ಸರಿ, ದುಡ್ಡೆಲ್ಲಿಂದ ಬರಬೇಕು? ಅಂಗಡಿಯ ಹೊಸ ಅಗ್ಗದ ಕೋವಿಗೆ ಸುಮಾರು ಐದಾರು ನೂರು ಡಾಲರ್. ಒಬ್ಬನೇ ಕುಶಲಕರ್ಮಿ ಕೂತು ಮಾಡಿಕೊಡುವುದಕ್ಕೆ ಹಲವು ಸಾವಿರ, ಅದು ನಮ್ಮ ನಿಮ್ಮ ಮಾತಲ್ಲ. ಇವೆರಡರ ನಡುವೆ ದೊಡ್ಡ ಬಯಲಿದೆ, ಬುದ್ಧಿ ಹೇಳುವವರು ಅದನ್ನು ತೋರಿಸುವುದೇ ಇಲ್ಲ. ಒಹಾಯೊದ ಜಿಮ್ ಕಿಬ್ಲರ್ ಕಂಪ್ಯೂಟರ್ ಯಂತ್ರದಲ್ಲಿ ಕೊರೆದು ಬಿಡಿಭಾಗಗಳ ಕಿಟ್ ಮಾರುತ್ತಾರೆ. ಸಾವಿರ ಡಾಲರಿನ ಮೇಲೆ ಬೀಳುತ್ತದೆ. ಲಾಕು ಒಂದನೇ ದರ್ಜೆಯದು, ಮರದಲ್ಲಿ ಲಾಕಿನ ಗೂಡು, ನಳಿಗೆಯ ತೋಡು ಎಲ್ಲ ಕೊರೆದೇ ಬಂದಿರುತ್ತದೆ. ಮನೆಯಲ್ಲಿ ಉಜ್ಜಿ, ಬಣ್ಣ ಹಾಕಿ, ಅಗಸೆ ಎಣ್ಣೆ ಹಚ್ಚಿ ಕೂಡಿಸಬೇಕು. ಕೂಡಿಸಿದವನಿಗೆ ತನ್ನ ಕೋವಿಯ ಒಂದೊಂದು ತಿರುಪೂ ಗೊತ್ತಿರುತ್ತದೆ, ಆ ಲಾಭಕ್ಕೆ ಬೆಲೆ ಕಟ್ಟಲಾಗದು. ಅಷ್ಟು ಕೂಡದಿದ್ದರೆ ಹಳೆಯದನ್ನು ಹುಡುಕಬೇಕು. ನುರಿತವರು ಇಪ್ಪತ್ತು ಮೂವತ್ತು ವರ್ಷದ ಹಿಂದೆ ಒಳ್ಳೆಯ ಲಾಕು, ಒಳ್ಳೆಯ ನಳಿಗೆ ತರಿಸಿ ಕೂಡಿಸಿಟ್ಟ ಕೋವಿಗಳು ಹೊಸ ಅಗ್ಗದ ಕೋವಿಯ ಬೆಲೆಗಿಂತ ತುಸುವೇ ಹೆಚ್ಚಿಗೆ ಸಿಗುತ್ತವೆ. ಮಾಡಿದವನಿಗೆ ಹೆಸರಿಲ್ಲ, ಹಿಡಿಕಟ್ಟಿನಲ್ಲಿ ಗೀರು, ಹಿತ್ತಾಳೆ ಕಪ್ಪಾಗಿದೆ ಎಂಬ ಕಾರಣಕ್ಕೆ ಯಾರೂ ಎತ್ತಿ ನೋಡಿರುವುದಿಲ್ಲ. ಇಂಡಿಯಾನಾದ ಫ್ರೆಂಡ್‌ಶಿಪ್ ಎಂಬ ಊರಿನಲ್ಲಿ, ಬಾಯಿಂದ ಮದ್ದು ತುಂಬುವ ಕೋವಿಗಳ, 1933ರಲ್ಲಿ ಹುಟ್ಟಿದ ರಾಷ್ಟ್ರೀಯ ಸಂಘದ ಮೈದಾನದಲ್ಲಿ, ಕೂಟ ನಡೆದಾಗ ಮೇಜುಗಳ ಮೇಲೆ ಇಂಥವು ಸಾಲಾಗಿ ಮಲಗಿರುತ್ತವೆ. ಈಗಾಗಲೇ ಅಗ್ಗದ್ದನ್ನು ಕೊಂಡು ಸಿಕ್ಕಿಬಿದ್ದವರಿಗೂ ದಾರಿಯಿದೆ. ಪೇಟೆಯ ಹಲವು ಕೋವಿಗಳಿಗೆ ಕೂರುವ ಬದಲಿ ಲಾಕನ್ನು ಎಲ್ ಅಂಡ್ ಆರ್ ಎಂಬ ಕಂಪನಿ ಮಾಡುತ್ತದೆ. ಆದರೆ ಕೋವಿಯ ಬೆಲೆಗೆ ಆ ಲಾಕಿನ ಬೆಲೆ ಕೂಡಿಸಿ ನೋಡಿ, ಉಳಿದ ದುಡ್ಡು ಎಲ್ಲಿ ಹೋಯಿತೆಂದು ತಿಳಿಯುತ್ತದೆ.

ಲಾಕಿಗೆ, ನಳಿಗೆಗೆ ಕೊಟ್ಟದ್ದನ್ನು ಉಳಿದೆಡೆ ಕಳೆಯಬಹುದು. ಸುಳಿಸುಳಿ ಮೇಪಲ್ ಬೇಡ, ಸಾದಾ ಮರ ಸಾಕು. ಬೆಳ್ಳಿಯ ಕೆತ್ತನೆ ಬೇಡ, ಹಿಡಿಕಟ್ಟಿನಲ್ಲಿ ಹಿತ್ತಾಳೆ ಡಬ್ಬಿ ಬೇಡ. ಮದ್ದಿನ ಕೊಂಬು, ಚೀಲ ಮನೆಯಲ್ಲೇ ಮಾಡಿಕೊಳ್ಳಬಹುದು. ಗುಂಡನ್ನು ಸೀಸ ಕರಗಿಸಿ ಅಚ್ಚಿನಲ್ಲಿ ಹುಯ್ದುಕೊಳ್ಳಬಹುದು. ಇಲ್ಲಿ ಜಿಂಕೆಗೆ .44 ಕ್ಯಾಲಿಬರಿಗಿಂತ ಸಣ್ಣದು ನಡೆಯುವುದಿಲ್ಲ. .45 ಆದರೆ ಮದ್ದೂ ಸೀಸವೂ ಕಡಿಮೆ ಸಾಕು, .50 ಆದರೆ ಗುಂಡು, ಅಚ್ಚು ಎಲ್ಲೆಡೆ ಸಿಗುತ್ತವೆ. ಒಂದು ಪೌಂಡು ಮದ್ದು ಅಂದರೆ 7,000 ಗ್ರೇನು. ಈಡಿಗೆ 70 ಗ್ರೇನು ಹಾಕಿದರೂ ಪೌಂಡಿಗೆ ನೂರು ಈಡು. ಬಟ್ಟೆ ಸುತ್ತಿದ ದುಂಡು ಗುಂಡಿಗೆ ನಳಿಗೆಯ ಸುರುಳಿ ನಿಧಾನವಾಗಿ ತಿರುಗಿರಬೇಕು, ಐವತ್ತು ಅರವತ್ತು ಇಂಚಿಗೆ ಒಂದು ಸುತ್ತು ಚೆನ್ನ. ಪೇಟೆಯ ಹಲವು ಕೋವಿಗಳಲ್ಲಿ ಉದ್ದ ಗುಂಡಿಗೆಂದು ಮೂವತ್ತು ಇಂಚಿನ ಆಸುಪಾಸಿಗೇ ಒಂದು ಸುತ್ತು ಇರುತ್ತದೆ. ಇದನ್ನು ಕೇಳಿಯೇ ಕೊಳ್ಳಬೇಕು.

ಕಳೆದ ಬೇಸಿಗೆ ಹಾಸನದ ಕಡೆಯ ಹುಡುಗನೊಬ್ಬ ನನ್ನನ್ನು ಹುಡುಕಿಕೊಂಡು ಬಂದ. ಅವನ ತಾತನಿಗೆ ಬೆಳೆ ರಕ್ಷಣೆಯ ಲೈಸೆನ್ಸಿನಲ್ಲಿ ಒಂದು ಕೇಪಿನ ಕೋವಿ ಇತ್ತಂತೆ. ಇವನ ಕೈಯಲ್ಲಿ ಏಳುನೂರು ಡಾಲರ್ ಇತ್ತು. "ಎಲ್ಲರೂ ಐನೂರರದ್ದು ತಗೋ, ಉಳಿದದ್ದರಲ್ಲಿ ಮದ್ದು ಗುಂಡು ತಗೋ ಅಂತಾರಣ್ಣ" ಅಂದ. "ಆರು ತಿಂಗಳು ಕಾಯ್ತೀಯೇನಪ್ಪ?" ಅಂದೆ. ಕಾದ. ಡಿಸೆಂಬರಿನ ಬೇಟೆ ತಪ್ಪಿತು, ಬೇಸರ ಪಟ್ಟುಕೊಂಡ, ಆದರೂ ಕಾದ. ಫೆಬ್ರವರಿಯಲ್ಲಿ ಒಂದು ಹಳೆಯ .45 ಇದೆಯೆಂದು ಸುದ್ದಿ ಬಂತು. ಮಾರುವವರು ವಯಸ್ಸಾದ ಬಡಗಿ, ತಮಗಾಗಿ ಮಾಡಿಕೊಂಡಿದ್ದರಂತೆ. ಮರ ಬೋಳು, ಅಲಂಕಾರವೆಂಬುದೇ ಇಲ್ಲ, ಹಿಡಿಕಟ್ಟಿನ ತುದಿಯಲ್ಲಿ ಒಂದು ಚಕ್ಕೆ ಎದ್ದಿತ್ತು. ಏಳುನೂರ ಐವತ್ತಕ್ಕೆ ಒಪ್ಪಿದರು.

ಮೊದಲು ಗಜವನ್ನು ನಳಿಗೆಯೊಳಕ್ಕೆ ಬುಡದ ತನಕ ಇಳಿಸಿ, ಬಾಯಿಯ ಹತ್ತಿರ ಬೆರಳಲ್ಲಿ ಹಿಡಿದು, ಹೊರಗಿಟ್ಟು ಅಳೆದೆವು. ಗಜ ತೂತಿನ ತನಕ ಹೋಗಿತ್ತು, ಒಳಗೆ ಹಳೆಯ ಈಡೇನೂ ಕೂತಿರಲಿಲ್ಲ. ಹಳೆಯ ಕೋವಿ ಕೈಗೆ ಬಂದಾಗ ಈ ಅಳತೆಯನ್ನು ಎಂದೂ ಬಿಡಬಾರದು. ಕುದುರೆಯನ್ನು ಅರ್ಧಕ್ಕೆ ನಿಲ್ಲಿಸಿ ಬಿಲ್ಲು ಒತ್ತಿ ನೋಡಿದೆವು, ಜಾರಲಿಲ್ಲ. ಫ್ರಿಜನ್ನಿನ ಮುಖದ ಮೇಲೆ ಉತ್ತ ಗೆರೆಗಳಿರಲಿಲ್ಲ, ಮೇಲಿಂದ ಕೆಳಗಿನವರೆಗೆ ನಯವಾಗಿ ಹೆರೆದ ಗುರುತಿತ್ತು. ಕಲ್ಲಿನ ಅಂಚು ಹಾಗೇ ಇತ್ತು. ಆಮೇಲೆ ಬಡಗಿ ಎದ್ದು ಹೋಗಿ ಅಡುಗೆಮನೆಯ ದೀಪ ಆರಿಸಿದರು. ಖಾಲಿ ಕೋವಿಯನ್ನು ಗೋಡೆಯ ಕಡೆ ತಿರುಗಿಸಿ ಹುಡುಗ ಬಿಲ್ಲು ಎಳೆದ. ಬೆಳ್ಳಗಿನ ಕಿಡಿ, ಒಂದು ಹಿಡಿ, ನೇರ ಬಟ್ಟಲಿಗೆ ಬಿದ್ದು ಒಂದೆರಡು ಕ್ಷಣ ಅಲ್ಲೇ ಚಟಗುಟ್ಟಿದವು. ಇನ್ನೊಂದು ಸಲ ಎಳೆದ, ಮತ್ತೂ ಒಂದು ಸಲ ಎಳೆದ. ಮೂರು ಸಲವೂ ಅದೇ ಜಾಗ. ದೀಪ ಹಾಕಿದಾಗ ಅವನು ದುಡ್ಡು ಎಣಿಸುತ್ತಿದ್ದ.